ತಲೆ ಮೇಲಿನ ಸಿಮೆಂಟ್ ಶೀಟು: ಸುಮ್ಮನೆ ಬಿಟ್ಟರೆ ನೆರಳು, ಕೊಯ್ದರೆ ವಿಷದ ಧೂಳು

ಈ ವಾರ ಬೆಳೆ, ಗೊಬ್ಬರ, ರೇಟು ಯಾವುದೂ ಬೇಡ. ಒಮ್ಮೆ ತಲೆ ಎತ್ತಿ ನಿಮ್ಮ ದನದ ಶೆಡ್ಡಿನ ಚಾವಣಿ ನೋಡಿ. ಬೂದು ಬಣ್ಣದ, ಅಲೆ ಅಲೆಯಾಗಿರುವ ಸಿಮೆಂಟ್ ಶೀಟು ಇದೆಯೇ? ನಮ್ಮ ಕಡೆ ಸಿಮೆಂಟ್ ಪತ್ರಾಸ ಅಂತೀವಲ್ಲ, ಅದೇ. ಇದ್ದರೆ ಈ ಲೇಖನ ಪೂರ್ತಿ ಓದಿ. ಗಾಬರಿ ಆಗಬೇಡಿ, ಆದರೆ ಅರ್ಧಕ್ಕೆ ಬಿಡಬೇಡಿ.

ನನ್ನದು ಮೂಡಲಗಿ ತಾಲೂಕಿನ ಕುಲಗೋಡ. ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಬ್ಬು, ಗೋವಿನಜೋಳ, ನಾಲ್ಕು ಎಮ್ಮೆ. ಅದರ ಜೊತೆಗೆ ಸುಮಾರು ಹತ್ತು ವರ್ಷ ಊರಾಗ ಯಾರದೇ ಶೆಡ್ಡು ಎದ್ದರೂ ಶೀಟು ಕೊಯ್ಯುವ, ತೂತು ಹಾಕುವ ಕೆಲಸ ನನ್ನದೇ. ಕೈಯಲ್ಲಿ ಕಟರ್ ಮಷಿನ್ ಇತ್ತು, ಗೆಳೆಯರು ಕರೆಯುತ್ತಿದ್ದರು, ಹೋಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ದಿನ ನಮ್ಮದೇ ಶೆಡ್ಡಿಗೆ ಶೀಟು ಕೊಯ್ಯುತ್ತಿದ್ದಾಗ ಇಂಗ್ಲೆಂಡಿನಲ್ಲಿರುವ ಕಾಕಾನ ಮಗ ವಿಡಿಯೋ ಕಾಲ್ ಮಾಡಿದ. ಅಲ್ಲಿ ಹಳೆಯ ಮನೆ ತಗೊಂಡಿದ್ದಾನೆ. ಅದರ ಒಳಗಿನ ಛತ್ತಿಗೆ ಉಬ್ಬು ಉಬ್ಬಾದ, ಹೂವಿನ ಚಿತ್ತಾರದಂಥ ಲೇಪನ ಇದೆಯಂತೆ. ಫ್ಯಾನಿನ ಹುಕ್ ಹಾಕಲು ತೂತು ಕೊರೆಯಬೇಕು ಅಂದರೆ ಕೆಲಸದವರು ಒಪ್ಪಲಿಲ್ಲವಂತೆ. "ಮೊದಲ ಒಂದ್ ಚೂರು ಲ್ಯಾಬಿಗೆ ಕಳಿಸ್ರಿ, ಅದರಾಗ ಆಸ್ಬೆಸ್ಟಾಸ್ ಇಲ್ಲ ಅಂತ ಬಂದ ಮ್ಯಾಲೆ ಮುಟ್ಟತೀವಿ ಅಂದ್ರು ನೋಡಣ್ಣಾ" ಅಂತ ನಗುತ್ತಾ ಹೇಳಿದ. ಆಮೇಲೆ ನನ್ನ ಮುಖ ನೋಡಿದ. ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿತ್ತು.

"ನೀ ಏನ್ ಮಾಡಾಕತ್ತೀ ಅಣ್ಣಾ?"

"ಪತ್ರಾಸ ಕೊಯ್ಯಾಕತ್ತೀನಿ."

ಅವನ ನಗು ನಿಂತಿತು. "ಮೊದಲ ಆ ಮಷಿನ್ ಬಂದ್ ಮಾಡು. ನಮ್ಮ ಛತ್ತಿನಾಗ ಅದು ಇದ್ರೂ ನೂರಕ್ಕ ಐದು ಪಾಲು ಇರಂಗಿಲ್ಲ ಅಂತಾರ. ನೀ ಕೊಯ್ಯಾಕತ್ತಿದ್ದರಾಗ ಅದಕ್ಕಿಂತ ಹೆಚ್ಚ್ ಐತಿ."

ಅವತ್ತು ಮಷಿನ್ ಬಂದ್ ಮಾಡಿದೆ. ಆಮೇಲೆ ಓದಿದ್ದು, ಕೇಳಿದ್ದು, ಡಾಕ್ಟರರ ಹತ್ತಿರ ಹೋಗಿ ಬಂದದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕಲ್ಲಿನ ನಾರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನುತ್ತಾರೆ. ಹೆಸರೇ ಎಲ್ಲ ಹೇಳುತ್ತದೆ. ಕಲ್ಲಿನಲ್ಲಿ ಸಿಗುವ ನಾರು. ಸುಡುವುದಿಲ್ಲ, ಕೊಳೆಯುವುದಿಲ್ಲ, ಗಟ್ಟಿ. ಸಿಮೆಂಟಿಗೆ ಬೆರೆಸಿದರೆ ತೆಳು ಶೀಟು ಕೂಡ ಬಾಗದೆ ನಿಲ್ಲುತ್ತದೆ. ಮನೆಗೋಡೆಯ ಮಣ್ಣಿಗೆ ನಾವು ಹೊಟ್ಟು ಕಲಸುತ್ತಿದ್ದೆವಲ್ಲ, ಅದೇ ಲೆಕ್ಕ.

ನಮ್ಮ ದೇಶದ ಶೀಟಿನಲ್ಲಿ ಬಳಸುವುದು ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್. ಇದು ಹೆಚ್ಚಾಗಿ ರಷ್ಯಾ, ಕಜಾಕಿಸ್ತಾನ, ಬ್ರೆಜಿಲ್ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಶೀಟಿನ ತೂಕದಲ್ಲಿ ನೂರಕ್ಕೆ ಸುಮಾರು ಎಂಟ್ಹತ್ತು ಪಾಲು ನಾರು, ಉಳಿದದ್ದು ಸಿಮೆಂಟು, ಹಾರುಬೂದಿ. ಹತ್ತು ಅಡಿಯ ಒಂದು ಶೀಟು 40 ಕಿಲೋ ಹತ್ತಿರ ತೂಗುತ್ತದೆ. ಅಂದರೆ ಒಂದೊಂದು ಶೀಟಿನಲ್ಲಿ ಮೂರು-ನಾಲ್ಕು ಕಿಲೋ ನಾರು. 30 ಶೀಟಿನ ಶೆಡ್ಡು ಇದ್ದರೆ ಒಂದು ಕ್ವಿಂಟಲ್ ಆಸುಪಾಸು.

ಶೀಟು ಇಡಿಯಾಗಿ ಇರುವವರೆಗೆ ಈ ನಾರನ್ನು ಸಿಮೆಂಟು ಬಿಗಿಯಾಗಿ ಹಿಡಿದಿರುತ್ತದೆ. ಕೊಯ್ದಾಗ, ಕೊರೆದಾಗ, ಒಡೆದಾಗ, ಉಜ್ಜಿದಾಗ ಅದು ಬಿಡುಗಡೆ ಆಗುತ್ತದೆ. ಕೂದಲಿಗಿಂತ ನೂರಾರು ಪಟ್ಟು ಸಣ್ಣದು. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಮೆಣಸಿನಕಾಯಿ ಘಾಟಿನಂತೆ ಸೀನು ಬರಿಸುವುದೂ ಇಲ್ಲ. ಉಸಿರಿನ ಜೊತೆ ಪುಪ್ಪುಸದ ತಳಕ್ಕೆ ಇಳಿಯುತ್ತದೆ. ದೇಹಕ್ಕೆ ಅದನ್ನು ಪೂರ್ತಿ ಕರಗಿಸಲೂ ಆಗುವುದಿಲ್ಲ, ಹೊರಹಾಕಲೂ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನೇರವಾಗಿದೆ: ಬಿಳಿಯದು ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ. ಪುಪ್ಪುಸದ ಕ್ಯಾನ್ಸರ್, ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಹೆಣ್ಣುಮಕ್ಕಳಿಗೆ ಅಂಡಾಶಯದ ಕ್ಯಾನ್ಸರ್. ಪುಪ್ಪುಸದ ಸುತ್ತಲಿನ ಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್‌ಗಂತೂ ಮುಖ್ಯ ಕಾರಣವೇ ಕಲ್ನಾರು. ಇನ್ನೊಂದು ಆಸ್ಬೆಸ್ಟೋಸಿಸ್. ಪುಪ್ಪುಸ ಗಟ್ಟಿಯಾಗುತ್ತಾ ಹೋಗಿ ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ.

ಮೋಸ ಇರುವುದು ಇಲ್ಲೇ. ಇವತ್ತು ಕೊಯ್ದರೆ ನಾಳೆ ಏನೂ ಆಗುವುದಿಲ್ಲ. ಹತ್ತು ವರ್ಷಕ್ಕೂ ಆಗಲಿಕ್ಕಿಲ್ಲ. ರೋಗ ಕಾಣಿಸುವುದು ಸಾಮಾನ್ಯವಾಗಿ 20 ರಿಂದ 40 ವರ್ಷದ ಮೇಲೆ. ಹಾಗಾಗಿಯೇ ನಮ್ಮ ಹಿರಿಯರು "ಇಷ್ಟ್ ವರ್ಷ ಅದರ ಕೆಳಗ ಮಲಗೀವಿ, ಏನಾಗೇತೋ?" ಅಂತ ಕೇಳುವುದು. ಅವರ ಮಾತಿನಲ್ಲಿ ಅರ್ಧ ನಿಜ ಇದೆ: ಇಡಿಯಾದ ಶೀಟಿನ ಕೆಳಗೆ ಮಲಗುವುದರಿಂದ ಅಪಾಯ ಬಹಳ ಕಡಿಮೆ. ಉಳಿದರ್ಧ ಕೊಯ್ಯುವವನ ಪಾಲಿನದು. ಅಂದರೆ ನಿಮ್ಮಂಥ, ನನ್ನಂಥ ಹುಡುಗರದು.

ನಮ್ಮ ಹೊಲ-ಮನೆಯಲ್ಲಿ ಧೂಳು ಏಳುವುದು ಎಲ್ಲೆಲ್ಲಿ

1. ಕಟರ್ ಮಷಿನ್‌ನಿಂದ ಒಣಶೀಟು ಕೊಯ್ಯುವುದು. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಡ್ರಿಲ್ಲಿನಿಂದ ಜೆ ಬೋಲ್ಟಿಗೆ ತೂತು ಹಾಕುವುದು ಎರಡನೆಯದು.

2. ಬೇಸಿಗೆಗೆ ಮುಂಚೆ ಚಾವಣಿಗೆ ಸುಣ್ಣ ಹೊಡೆಯುವಾಗ ಪಾಚಿ ಕೆರೆಯುವುದು. ತಂತಿ ಬ್ರಷ್, ಕಾರು ತೊಳೆಯುವ ಪ್ರೆಶರ್ ಪಂಪು ಎರಡೂ ಶೀಟಿನ ಮೇಲ್ಪದರ ಕಿತ್ತು ನಾರು ಹೊರಗೆ ತರುತ್ತವೆ.

3. ಹಳೆಯ ಶೆಡ್ಡು ಕೆಡವುವಾಗ ಸುತ್ತಿಗೆಯಿಂದ ಒಡೆದು ಕೆಳಗೆ ಎಸೆಯುವುದು.

4. ಒಡೆದ ಚೂರನ್ನು ಹೊಲದ ದಾರಿಗೆ, ಗೊಬ್ಬರದ ಗುಂಡಿಯ ಬಾಯಿಗೆ, ಅಂಗಳದ ತಗ್ಗಿಗೆ ತುಂಬುವುದು. ಟ್ರ್ಯಾಕ್ಟರ್ ಗಾಲಿ ಅದನ್ನು ದಿನಾ ಹಿಟ್ಟು ಮಾಡುತ್ತದೆ.

5. ಶೆಡ್ಡಿನ ಪಕ್ಕದಲ್ಲೇ ರವದಿಗೆ ಬೆಂಕಿ ಹಚ್ಚುವುದು. ಕಾವಿಗೆ ಸಿಮೆಂಟ್ ಶೀಟು ಪಟಾಕಿ ಹಾರಿದಂತೆ ಸಿಡಿದು ಚೂರಾಗುತ್ತದೆ.

ಇನ್ನೊಂದು ಮಾತು ಟ್ರ್ಯಾಕ್ಟರ್ ಇರುವವರಿಗೆ. ಹಳೆಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟಿನಲ್ಲೂ ಕಲ್ನಾರು ಹಾಕುತ್ತಿದ್ದರು. ಡ್ರಮ್ ಬಿಚ್ಚಿ ಗಾಳಿ ಹೊಡೆದು ಸ್ವಚ್ಛ ಮಾಡಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬಿಸಾಕಿ.

ನಾನು ಮಾಡಿದ ತಪ್ಪು

ಮೇಲಿನ ಪಟ್ಟಿಯ ನಾಲ್ಕನೆಯದು ನನ್ನ ಕಥೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ಹೊಳೆದಂಡೆಯ ಹಳ್ಳಿಯೊಂದರಲ್ಲಿ ನಮ್ಮ ಬೀಗರ ಶೆಡ್ಡು ಬಿತ್ತು. ನೀರು ಇಳಿದ ಮೇಲೆ ಸಹಾಯಕ್ಕೆ ಹೋದ ನಾವೇ ಒಡೆದ ಶೀಟನ್ನೆಲ್ಲ ಟ್ರಾಲಿಗೆ ತುಂಬಿದೆವು. "ಎರಿ ಮಣ್ಣಿನ ದಾರಿ, ಮಳಿಗಾಲದಾಗ ಕಬ್ಬಿನ ಗಾಡಿ ಸಿಗಬೀಳತಾವ, ನಾನ ಒಯ್ತೀನಿ" ಅಂದೆ. ತಂದು ನಮ್ಮ ಹೊಲದ ದಾರಿಗೆ ಸುರಿದೆ, ಮೇಲೆ ಟ್ರ್ಯಾಕ್ಟರ್ ಓಡಿಸಿ ಸಪಾಟು ಮಾಡಿದೆ. ಅವತ್ತು ಎಲ್ಲರೂ ಭಾಳ ಚಲೋ ಕೆಲಸ ಮಾಡಿದಿ ಅಂದರು.

ಆ ದಾರಿಯಲ್ಲಿ ನನ್ನ ಮಗಳು ಸೈಕಲ್ ಕಲಿತಳು. ಚೂರು ಆರಿಸಿ ನೆಲದ ಮೇಲೆ ಸೀಮೆಸುಣ್ಣದಂತೆ ಗೀಚುತ್ತಿದ್ದಳು. ಇದು ನೆನಪಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಂಥದ್ದು ದೊಡ್ಡ ಪ್ರಮಾಣದಲ್ಲೂ ಆಗಿದೆ. ಜಾರ್ಖಂಡದ ಚಾಯಿಬಾಸಾ ಹತ್ತಿರ ರೋರೋ ಗುಡ್ಡ ಅಂತ ಇದೆ. ಅಲ್ಲಿನ ಕಲ್ನಾರು ಗಣಿ 1983ರಲ್ಲಿ ನಿಂತಿತು. ಗಣಿ ನಿಂತರೂ ತ್ಯಾಜ್ಯದ ರಾಶಿ ಗುಡ್ಡದ ಮೇಲೆ ಹಾಗೇ ಉಳಿಯಿತು, ಮಳೆಗೆ ಜಾರಿ ಕೆಳಗಿನ ಊರಿನ ಹೊಲಕ್ಕೂ ಬಂತು. ಕೆಲಸ ಮುಗಿಯಿತು ಅಂದರೆ ಕಲ್ನಾರು ಮುಗಿಯಿತು ಅಂತ ಅಲ್ಲ.

ನನ್ನ ದಾರಿಗೆ ಏನು ಮಾಡಿದೆ ಅಂದರೆ, ಅಗೆದು ತೆಗೆಯಲು ಹೋಗಲಿಲ್ಲ. ಅಗೆದರೆ ಮತ್ತೆ ಧೂಳು. ಚೆನ್ನಾಗಿ ನೀರು ಹೊಡೆದು, ಮೇಲೆ ಕಾಣುತ್ತಿದ್ದ ಚೂರನ್ನು ಒದ್ದೆ ಇದ್ದಾಗಲೇ ಕೈಗವಸು ಹಾಕಿ ಆರಿಸಿದೆ. ಆಮೇಲೆ ಇಡೀ ದಾರಿಗೆ ಒಂದು ಅಡಿ ಗರಸು ಹೊಡೆಸಿದೆ. ಪ್ರತಿ ಮಳೆಗಾಲದ ಮೇಲೆ ಗರಸು ಕೊಚ್ಚಿ ಹೋಗಿದೆಯೇ ನೋಡುತ್ತೇನೆ. ಖರ್ಚು ಆಯಿತು, ಆದರೆ ಗಾಡಿ ಸಿಗಬೀಳುವುದೂ ನಿಂತಿತು.

ನಿಮ್ಮ ಶೀಟು ಅದೇನಾ? ಗುರುತು ಹಿಡಿಯುವುದು ಹೇಗೆ

ಕಣ್ಣಿನಿಂದ ನಾರು ಕಾಣುವುದಿಲ್ಲ, ಖಚಿತ ಆಗುವುದು ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಮಾತ್ರ. ಆದರೆ ನಮ್ಮ ಕೆಲಸಕ್ಕೆ ಒಂದು ಸರಳ ಸೂತ್ರ ಸಾಕು: ಬೂದು ಬಣ್ಣದ ಅಲೆಅಲೆ ಸಿಮೆಂಟ್ ಶೀಟು ಇದ್ದು, ಅದರಲ್ಲಿ ಆಸ್ಬೆಸ್ಟಾಸ್ ಇಲ್ಲ ಅಂತ ಬಿಲ್ಲಿನಲ್ಲಿ ಬರೆದಿಲ್ಲ ಅಂದರೆ, ಇದೆ ಅಂತಲೇ ತಿಳಿಯಿರಿ. ಶೀಟಿನ ಮೇಲೆ ಐಎಸ್ 459 ಅಂತ ಅಚ್ಚು ಇದ್ದರೆ ಅನುಮಾನವೇ ಬೇಡ. ಅದು ಆಸ್ಬೆಸ್ಟಾಸ್ ಸಿಮೆಂಟ್ ಶೀಟಿಗೇ ಇರುವ ಭಾರತೀಯ ಮಾನಕದ ಸಂಖ್ಯೆ. ಚೂರು ಮುರಿದು ನೋಡುವ ಪರೀಕ್ಷೆ ಬೇಡವೇ ಬೇಡ.

ಇರುವ ಶೀಟಿಗೆ ಏನು ಮಾಡಬೇಕು

ಇಡಿಯಾಗಿದ್ದರೆ ಬಿಡಿ. ಇದೇ ಮೊದಲ ಮತ್ತು ದೊಡ್ಡ ಸಲಹೆ. ಹೆದರಿ ಇವತ್ತೇ ಕಿತ್ತು ಒಗೆದರೆ ಹತ್ತು ವರ್ಷದಲ್ಲಿ ಏಳದ ಧೂಳು ಒಂದೇ ದಿನ ಏಳುತ್ತದೆ.

ಬಿಸಿಲಿಗೆ ಎಮ್ಮೆ ಹಾಲು ಕಡಿಮೆ ಮಾಡುತ್ತದೆ, ಅದಕ್ಕೆ ಚಾವಣಿ ತಂಪು ಮಾಡಬೇಕು, ಸರಿ. ಪಾಚಿ ಕೆರೆಯದೆ, ಮೊದಲು ನೀರು ಚಿಮುಕಿಸಿ, ಬ್ಯಾಟರಿ ಪಂಪಿನಿಂದ ತಿಳಿ ಸುಣ್ಣ ಸಿಂಪಡಿಸಿ. ಶೆಡ್ಡಿನ ಆಧಾರ ಗಟ್ಟಿ ಇದ್ದರೆ ರವದಿ ಹೊದಿಸಿ ಹಗ್ಗ ಕಟ್ಟಿ. ಎರಡಕ್ಕೂ ತೂತು ಕೊರೆಯುವ ಕೆಲಸ ಇಲ್ಲ. ರವದಿ ಇದ್ದಲ್ಲಿ ಬೆಂಕಿಯ ಬಗ್ಗೆ ಮಾತ್ರ ಎಚ್ಚರ.

ಸಣ್ಣ ಬಿರುಕು ಇದ್ದರೆ ಒದ್ದೆ ಮಾಡಿ, ಮೇಲೆ ವಾಟರ್‌ಪ್ರೂಫ್ ಲೇಪನ ಹಚ್ಚಿ ಮುಚ್ಚಿ. ಚಾವಣಿಯ ನೀರು ಹರಿಯುವ ದೋಣಿಯಲ್ಲಿ ಕೂರುವ ಬೂದು ಮಣ್ಣಿನಲ್ಲೂ ನಾರು ಇರುತ್ತದೆ. ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಇದ್ದಾಗ ಬಳಿಯಿರಿ.

ಮೇಲೆ ಹತ್ತುವಾಗ ಇನ್ನೂ ಹೆಚ್ಚು ಎಚ್ಚರ. ಧೂಳು 30 ವರ್ಷಕ್ಕೆ ಕೊಲ್ಲಬಹುದು, ಹಳೆಯ ಶೀಟು ಇವತ್ತೇ ಕೊಲ್ಲುತ್ತದೆ. ನೋಡಲು ಗಟ್ಟಿ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಬೋಲ್ಟಿನ ಸಾಲಿನ ಮೇಲೇ ಕಾಲಿಡುತ್ತೇನೆ ಅನ್ನುವ ಧೈರ್ಯವೂ ಬೇಡ. ಸಾಧ್ಯವಾದರೆ ಕೆಳಗಿನಿಂದ, ಏಣಿ ಮೇಲೆ ನಿಂತು ಮಾಡಿ. ಹತ್ತಲೇಬೇಕಾದರೆ ಎರಡು-ಮೂರು ಅಡ್ಡಪಟ್ಟಿಗೆ ಹಾಯುವಂಥ ಉದ್ದ ಹಲಗೆ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ.

ತೆಗೆಯಲೇಬೇಕಾದರೆ

- ಗಾಳಿ ಇಲ್ಲದ ದಿನ ಆರಿಸಿ. ಮಕ್ಕಳು, ದನ ದೂರ ಇರಲಿ. ಮೇವು, ನೀರಿನ ತೊಟ್ಟಿ, ಗ್ವಾದಲಿಗೆ ತಾಡಪತ್ರಿ ಮುಚ್ಚಿ.
- ಪಂಪಿನ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ, ಶೀಟಿನ ಎರಡೂ ಬದಿ ತೊಯ್ಯಿಸುತ್ತಾ ಇರಿ. ಒದ್ದೆ ಇದ್ದರೆ ನಾರು ಹಾರುವುದು ಬಹಳ ಕಡಿಮೆ.
- ಬೋಲ್ಟು ತುಕ್ಕು ಹಿಡಿದಿದ್ದರೆ ಬೋಲ್ಟು ಕೊಯ್ಯಿರಿ, ಶೀಟು ಕೊಯ್ಯಬೇಡಿ. ಇಡಿಯಾಗಿ ಇಳಿಸಿ, ಎಸೆಯಬೇಡಿ.
- ಟವೆಲ್, ಬಟ್ಟೆ ಮಾಸ್ಕ್ ಉಪಯೋಗಕ್ಕಿಲ್ಲ. ಕೋವಿಡ್ ಕಾಲದ ಎನ್95 ಕೂಡ ಸಾಲುವುದಿಲ್ಲ. ಪಿ100 ಅಥವಾ ಎಫ್‌ಎಫ್‌ಪಿ3 ಅಂತ ಬರೆದದ್ದು ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂಡುವುದಿಲ್ಲ, ಸಂದಿಯಿಂದ ಧೂಳು ಒಳಗೆ ಬರುತ್ತದೆ.
- ಕೆಲಸ ಮುಗಿದ ಮೇಲೆ ಕಸಬರಿಗೆ ಹಿಡಿಯಬೇಡಿ. ಚೂರನ್ನು ಒದ್ದೆ ಮಾಡಿ ಆರಿಸಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.
- ಅಲ್ಲೇ ಬಟ್ಟೆ ಬದಲಿಸಿ, ನೀರಲ್ಲಿ ಅದ್ದಿ. ಮನೆಯ ಬಟ್ಟೆ ಜೊತೆ ಹಾಕಬೇಡಿ.

ಕೊನೆಯದನ್ನು ಹಗುರವಾಗಿ ತಗೋಬೇಡಿ. ಕಾರ್ಖಾನೆಗೆ ಎಂದೂ ಕಾಲಿಡದ, ಗಂಡನ ಕೆಲಸದ ಬಟ್ಟೆ ಝಾಡಿಸಿ ಒಗೆದ ಹೆಣ್ಣುಮಕ್ಕಳಿಗೂ ಮೆಸೊಥೆಲಿಯೋಮ ಬಂದದ್ದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ನಮ್ಮ ಮನೆಯಲ್ಲಿ ನನ್ನ ಅಂಗಿ ಝಾಡಿಸುತ್ತಿದ್ದವಳು ನಮ್ಮವ್ವ.

ಒಡೆದ ಶೀಟು ಎಲ್ಲಿ ಹಾಕುವುದು?

ಇದಕ್ಕೆ ಹಳ್ಳಿಯಲ್ಲಿ ಸುಲಭದ ಉತ್ತರ ಇಲ್ಲ. ಅಪಾಯಕಾರಿ ತ್ಯಾಜ್ಯ ಹೂಳುವ ಕೇಂದ್ರ ಇರುವುದು ನಮ್ಮಿಂದ ದೂರದಲ್ಲಿ. ಹಾಗಾಗಿ ಸದ್ಯಕ್ಕೆ ಮಾಡಬಹುದಾದದ್ದು: ಇಡೀ ಶೀಟನ್ನು ಒಂದರ ಮೇಲೊಂದು ಅಡ್ಡ ಮಲಗಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಜನ ಓಡಾಡದ ಮೂಲೆಯಲ್ಲಿ ಇಡಿ. ಚೂರನ್ನು ಒಳಗೆ ಪ್ಲಾಸ್ಟಿಕ್ ಇರುವ ಗೊಬ್ಬರದ ಚೀಲದಲ್ಲಿ ಎರಡು ಪದರ ತುಂಬಿ ಬಾಯಿ ಕಟ್ಟಿ, ಮೇಲೆ ಕಲ್ನಾರು ಅಂತ ಬರೆಯಿರಿ. ಆ ಚೀಲ ಮತ್ತೆ ಯಾವುದಕ್ಕೂ ಬಳಸಬೇಡಿ. ಗ್ರಾಮ ಪಂಚಾಯಿತಿಗೆ, ಬೆಳಗಾವಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಬರವಣಿಗೆಯಲ್ಲಿ ಕೇಳಿ. ಒಬ್ಬರು ಕೇಳಿದರೆ ಕಾಗದ, ಊರೇ ಕೇಳಿದರೆ ಟ್ರಕ್ಕು ಬರಬಹುದು.

ಹೊಸ ಶೆಡ್ಡು ಕಟ್ಟುವವರಿಗೆ

60ಕ್ಕೂ ಹೆಚ್ಚು ದೇಶ ಕಲ್ನಾರನ್ನು ನಿಷೇಧಿಸಿವೆ. ಜಗತ್ತಿಗೆಲ್ಲ ಅದನ್ನು ಮಾರುತ್ತಿದ್ದ ಕೆನಡಾ ಕೂಡ 2018ರಲ್ಲಿ ನಿಷೇಧಿಸಿತು. ಅಲ್ಲಿ ಆಸ್ಬೆಸ್ಟಾಸ್ ಅಂತಲೇ ಹೆಸರಿದ್ದ ಗಣಿ ಊರು 2020ರಲ್ಲಿ ಹೆಸರು ಬದಲಿಸಿಕೊಂಡಿತು. ನಮ್ಮಲ್ಲಿ ಶೀಟು ಮಾರುವುದು ಇನ್ನೂ ಕಾನೂನುಬದ್ಧ. ನಿಷೇಧ ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅಂಗಡಿಯಲ್ಲಿ ಸಿಗುತ್ತದೆ ಅಂದಮೇಲೆ ಅಪಾಯ ಇಲ್ಲ ಅಂದುಕೊಳ್ಳಬೇಡಿ.

ಬದಲಿ ಏನಿದೆ? ಬಣ್ಣದ ಉಕ್ಕಿನ ತಗಡು ಹಗುರ, ಮುಂದೆ ಗುಜರಿಗೆ ಹಾಕಿದರೂ ದುಡ್ಡು ಬರುತ್ತದೆ. ಕಾವು ಮತ್ತು ಮಳೆಯ ಸಪ್ಪಳ ಜಾಸ್ತಿ, ಅದಕ್ಕೆ ಎತ್ತರ ಹೆಚ್ಚಿಸಿ, ತುದಿಯಲ್ಲಿ ಗಾಳಿ ಕಿಂಡಿ ಬಿಡಿ. ಮಂಗಳೂರು ಹಂಚು ತಂಪು, ಆದರೆ ಕಟ್ಟಿಗೆ ಖರ್ಚು. ಕಲ್ನಾರು ಇಲ್ಲದ ನಾರು-ಸಿಮೆಂಟ್ ಶೀಟೂ ಬಂದಿದೆ. ಬಿಲ್ಲಿನಲ್ಲಿ ಬರೆಸಿಕೊಂಡೇ ತನ್ನಿ. ಅದನ್ನೂ ಕೊಯ್ಯುವಾಗ ನೀರು ಹಾಕಿಯೇ ಕೊಯ್ಯಿರಿ, ಸಿಮೆಂಟಿನ ಧೂಳೂ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಹೆಚ್ಚಾಗಿ ಕೇಳುವ ಎರಡು ಪ್ರಶ್ನೆ

*ಶೀಟಿನ ಮೇಲಿನ ಮಳೆ ನೀರು ಕುಡಿಯಬಹುದೇ?* ಕಲ್ನಾರಿನ ದೊಡ್ಡ ಅಪಾಯ ಇರುವುದು ಉಸಿರಾಡುವುದರಲ್ಲಿ. ಕುಡಿಯುವ ನೀರಿನಿಂದ ರೋಗ ಬಂದದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ಸವೆದ ಹಳೆಯ ಶೀಟಿನ ನೀರನ್ನು ಹೊಲಕ್ಕೆ ಬಿಟ್ಟು, ಕುಡಿಯಲು ಬೇರೆ ನೋಡಿ.

*ನಾನು ಮೊದಲೇ ಕೊಯ್ದಿದ್ದೇನೆ, ಈಗ?* ಒಂದೆರಡು ಸಲ ಕೊಯ್ದಿದ್ದರೆ ಅಪಾಯ ಸಣ್ಣದು. ಎಷ್ಟು ಹೆಚ್ಚು ಧೂಳು, ಎಷ್ಟು ಹೆಚ್ಚು ವರ್ಷ, ಅಷ್ಟು ಹೆಚ್ಚು ಅಪಾಯ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ಕಲ್ನಾರು ಮತ್ತು ಹೊಗೆ ಎರಡೂ ಕೂಡಿದರೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಬಹಳ ಪಟ್ಟು ಏರುತ್ತದೆ. ಮುಂದೆ ಎಂದಾದರೂ ಬಿಡದ ಒಣಕೆಮ್ಮು, ಏದುಸಿರು, ಎದೆನೋವು ಬಂದರೆ ಡಾಕ್ಟರರಿಗೆ "ನಾನು ಸಿಮೆಂಟ್ ಶೀಟು ಕೊಯ್ಯುತ್ತಿದ್ದೆ" ಅಂತ ನೀವಾಗಿಯೇ ಹೇಳಿ. ಅವರು ಟಿ.ಬಿ. ಪರೀಕ್ಷೆ ಮಾಡಿಸುತ್ತಾರೆ, ಮಾಡಿಸಿ. ಆದರೆ ಆ ಒಂದು ಮಾತು ಹೇಳದಿದ್ದರೆ ಕಲ್ನಾರಿನ ನೆನಪು ಅವರಿಗೆ ಬರಲಿಕ್ಕಿಲ್ಲ. ಉದ್ಯೋಗದ ರೋಗಗಳಿಗೇ ಇರುವ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ಮೊಬೈಲಿನಲ್ಲಿ ಒಂದು ನೋಟ್

ನನ್ನ ಎಕ್ಸ್‌ರೇ ಸದ್ಯಕ್ಕೆ ಸ್ವಚ್ಛ ಬಂದಿದೆ. ಡಾಕ್ಟರು ಸಮಾಧಾನ ಹೇಳುತ್ತಲೇ ಒಂದು ಮಾತು ಸೇರಿಸಿದರು: "ಈಗ ಏನೂ ಕಾಣಂಗಿಲ್ಲ, ಕಾಣೂದು ತಡಾ ಆಗಿ. ನೆನಪ ಇಟಗೋರಿ."

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿತ್ತು. ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಮುಂದಕ್ಕೆ ಹೋಗುತ್ತದೋ ಅಲ್ಲಿವರೆಗೆ ಇಡಬೇಕು ಅಂತ. ರೋಗ ಅಷ್ಟು ತಡವಾಗಿ ಬರುತ್ತದೆ ಅನ್ನುವುದಕ್ಕೇ ಈ ಲೆಕ್ಕ. ಆದರೆ ಊರಲ್ಲಿ ಗೆಳೆಯನ ಶೆಡ್ಡಿಗೆ ಶೀಟು ಕೊಯ್ದ ನನ್ನ ದಾಖಲೆ ಇಡುವವರು ಯಾರು?

ನಾನೇ. ಮೊಬೈಲಿನಲ್ಲಿ ಒಂದು ನೋಟ್ ಮಾಡಿದ್ದೇನೆ: ಯಾವ ವರ್ಷ, ಯಾರ ಶೆಡ್ಡು, ಸುಮಾರು ಎಷ್ಟು ದಿನ, ಮಾಸ್ಕ್ ಇತ್ತೋ ಇಲ್ಲವೋ. ಎಕ್ಸ್‌ರೇ ಫೋಟೋ ಅದರಲ್ಲೇ ಇದೆ. ಜೊತೆಗೆ ನಿಂತು ಶೀಟು ಹಿಡಿದ ಗೆಳೆಯರಿಗೂ ಕಳಿಸಿದ್ದೇನೆ. ಒಬ್ಬ ಬೈದ, ಇಬ್ಬರು ಬೀಡಿ ಬಿಟ್ಟೆವು ಅಂದರು, ನೋಡಬೇಕು.

ನೀವೂ ಇವತ್ತು ಎರಡು ಕೆಲಸ ಮಾಡಿ. ನಿಮ್ಮ ಚಾವಣಿಯ ಒಂದು ಫೋಟೋ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ, ಮುಂದಿನ ವರ್ಷ ಬಿರುಕು ಹೋಲಿಸಲು ಬೇಕಾಗುತ್ತದೆ. ಕಟರ್ ಮಷಿನ್ ಇರುವ ಗೆಳೆಯನಿಗೆ ಈ ಲೇಖನ ಕಳಿಸಿ. ನನ್ನ ಮಷಿನ್ ಈಗ ಕಬ್ಬಿಣ ಕೊಯ್ಯಲು ಮಾತ್ರ. ಯಾರಾದರೂ ಶೀಟಿಗೆ ಕರೆದರೆ, "ತಗಡ ಹಾಕಸು, ಬಿಟ್ಟಿ ಬಂದು ಕೊಯ್ದು ಕೊಡ್ತೀನಿ" ಅನ್ನುತ್ತೇನೆ.